ಬ್ರುಗ್ ಊರಿನ ಹೆವಿ ಮೆಟಲ್ ಹೆಣ್ಣುಮಕ್ಕಳು

ನಾನಿರುವುದು ಸ್ವಿಟ್ಜರ್ಲೆಂಡಿನ ಬಾಡೆನ್‌ನಲ್ಲಿ. ಇಲ್ಲಿಂದ ರೈಲು ಹತ್ತಿದರೆ ಹತ್ತೇ ನಿಮಿಷಕ್ಕೆ ಬ್ರುಗ್ ಬರುತ್ತದೆ. ಆರೆ ನದಿಯ ದಂಡೆಯ ಪುಟ್ಟ ಊರು, ನಮ್ಮ ಶ್ರೀರಂಗಪಟ್ಟಣಕ್ಕಿಂತ ಚಿಕ್ಕದು. ಆದರೆ ಹೆವಿ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತ ಕೇಳುವವರಿಗೆ ಇದರ ಹೆಸರು ಗೊತ್ತು. ಬರ್ನಿಂಗ್ ವಿಚಸ್ ಹುಟ್ಟಿದ್ದು ಇಲ್ಲೇ. ಗಿಟಾರ್ ನುಡಿಸುವ ರೊಮಾನಾ ಕಾಲ್ಕುಲ್ 2015ರಲ್ಲಿ ಕಟ್ಟಿದ ತಂಡ ಇದು. ಎಲ್ಲರೂ ಹೆಂಗಸರೇ. ನೆದರ್‌ಲೆಂಡ್ಸ್‌ನ ಲಾರಾ ಗುಲ್ಡೆಮೊಂಡ್ 2019ರಿಂದ ಹಾಡುತ್ತಿದ್ದಾರೆ.

ಮಂಡ್ಯದಲ್ಲಿ ಬೆಳೆದ ನನಗೆ ಮೆಟಲ್ ಅಂದ್ರೆ ಅಣ್ಣಂದಿರ ಕೋಣೆಯ ಕ್ಯಾಸೆಟ್ಟು. ಕೇಳುವವರೂ ಗಂಡಸರು, ಹಾಡುವವರೂ ಗಂಡಸರು. ಇಲ್ಲಿಗೆ ಬಂದ ಮೇಲೆ ಬಾಸೆಲ್ ಪಕ್ಕದ ಪ್ರಾಟೆಲ್ನ್‌ನಲ್ಲಿ, ಜೆಡ್ ಸೆವೆನ್ ಎಂಬ ಸಭಾಂಗಣದಲ್ಲಿ ಈ ತಂಡವನ್ನು ಕೇಳಿದೆ. ಬಾಗಿಲಲ್ಲೇ ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಬಿರಡೆ ಪುಕ್ಕಟೆ ಕೊಡುತ್ತಾರೆ, ಅದು ಇಲ್ಲಿನ ಕಾನೂನು. ಸದ್ದು ಗಂಟೆಯ ಸರಾಸರಿಯಲ್ಲಿ 100 ಡೆಸಿಬಲ್ ದಾಟುವ ಹಾಗಿಲ್ಲ. ನನ್ನ ಮುಂದೆ ನಿಂತಿದ್ದವರು ನರೆತ ಗಡ್ಡದ ಒಬ್ಬ ಅಪ್ಪ ಮತ್ತು ಮಗಳು. ಇಬ್ಬರದೂ ತೋಳಿಲ್ಲದ ಡೆನಿಮ್ ಜಾಕೆಟ್. ಬೆನ್ನ ತುಂಬಾ ಬ್ಯಾಂಡುಗಳ ಹೆಸರಿನ ಬಟ್ಟೆ ತುಂಡುಗಳನ್ನು ಒತ್ತೊತ್ತಾಗಿ ಹೊಲಿದಿದ್ದರು.

ಆ ರಾತ್ರಿ ಕೇಳಿದ್ದು ಎಂಬತ್ತರ ದಶಕದ ಮೆಟಲ್. ಎರಡು ಗಿಟಾರುಗಳು ಒಂದೇ ರಾಗವನ್ನು ಬೇರೆ ಬೇರೆ ಸ್ವರದಿಂದ ಎತ್ತಿಕೊಂಡು ಜೋಡಿಯಾಗಿ ಓಡುತ್ತವೆ. ಬಲಗೈ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ಮೀಟುವುದರಿಂದ ಸದ್ದು ಮುಚ್ಚಿದಂತೆ, ಗಟ್ಟಿಯಾಗಿ ಬರುತ್ತದೆ. ಕೆಳಗೆ ಕುದುರೆ ನಡೆಯ ತಾಳ. ಜೂಡಸ್ ಪ್ರೀಸ್ಟ್, ಐರನ್ ಮೇಡನ್ ತಂಡಗಳನ್ನು ಕೇಳಿದವರಿಗೆ ಇದು ಗೊತ್ತು. ಆಮೇಲೆ ಬಂದ ಮೆಟಲ್‌ನಲ್ಲಿ ಎಷ್ಟೋ ಕಡೆ ಗುರುಗುಟ್ಟುವ ಗಂಟಲೇ ಜಾಸ್ತಿಯಾಯಿತು. ಹೆಣ್ಣು ದನಿ ಅಂದರೆ ಒಪೆರಾದ ಹಾಗೆ ಹಾಡುವುದು ಎನ್ನುವ ರೂಢಿಯೂ ಬಂತು. ಲಾರಾ ಹಾಗೆ ಹಾಡುವುದಿಲ್ಲ. ಎದೆಯಿಂದಲೇ ದನಿ ಎತ್ತಿ, ಮೇಲಿನ ಸ್ವರದಲ್ಲಿ ಸೀಳಿ, ಮಾತನ್ನು ಮಾತ್ರ ಸ್ಪಷ್ಟವಾಗಿ ಬಿಡುತ್ತಾರೆ.

ಇದನ್ನು 'ಹೆಂಗಸರ ಮೆಟಲ್' ಎಂದು ಬೇರೆ ಕಪಾಟಿನಲ್ಲಿಡುವುದು ನನಗೆ ಸರಿ ಕಾಣುವುದಿಲ್ಲ. ಆ ಹಳೇ ನಾದ ಹುಟ್ಟುವಾಗಲೇ ಹೆಂಗಸರು ಅಲ್ಲಿದ್ದರು. ಲಂಡನ್‌ನ ಗರ್ಲ್‌ಸ್ಕೂಲ್ ತಂಡ 1978ರದ್ದು. ಜರ್ಮನಿಯ ಡುಸ್ಸೆಲ್ಡಾರ್ಫ್‌ನಲ್ಲಿ ಡೋರೋ ಪೆಶ್ ಹಾಡುತ್ತಿದ್ದ ವಾರ್ಲಾಕ್ 1982ರದ್ದು. ಡೋರೋ ಇವತ್ತಿಗೂ ವೇದಿಕೆ ಹತ್ತುತ್ತಾರೆ. ಹಾಗಾಗಿ ಬ್ರುಗ್‌ನವರು ಯಾರಿಂದಲೋ ಎರವಲು ತಂದದ್ದಲ್ಲ, ತಮ್ಮದನ್ನೇ ಮತ್ತೆ ಕೈಗೆತ್ತಿಕೊಂಡಿದ್ದಾರೆ.

ತಂಡದ ಹೆಸರಿನಲ್ಲಿ ಬೆಂಕಿಗೆ ಬಿದ್ದ ಮಾಟಗಾತಿಯರಿದ್ದಾರೆ. ಈ ದೇಶದಲ್ಲಿ ಅದು ಬರೀ ಕತೆಯಲ್ಲ. ಗ್ಲಾರುಸ್ ಪ್ರಾಂತ್ಯದಲ್ಲಿ ಮನೆಗೆಲಸಕ್ಕಿದ್ದ ಆನಾ ಗ್ಯೋಲ್ಡಿ ಎಂಬಾಕೆಯ ತಲೆ ಕಡಿದದ್ದು 1782ರಲ್ಲಿ. ಯುರೋಪಿನಲ್ಲಿ ಮಾಟದ ಆರೋಪ ಹೊತ್ತು ಸತ್ತ ಕೊನೆಯವರಲ್ಲಿ ಆಕೆ ಒಬ್ಬಳು. ಆಕೆ ನಿರಪರಾಧಿ ಎಂದು ಗ್ಲಾರುಸ್ ಒಪ್ಪಿಕೊಂಡದ್ದು 2008ರಲ್ಲಿ! ಇದು ಗೊತ್ತಾದ ಮೇಲೆ ಆ ಹೆಸರು ಕೇಳಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಕಳೆದ ಸಲ ರಜೆಗೆ ಬಂದಾಗ ಮೈಸೂರಿನ ಕುವೆಂಪುನಗರದಲ್ಲಿ, ಅಕ್ಕನ ಮನೆಯ ತಾರಸಿ ಮೇಲೆ ಈ ತಂಡದ ಹಾಡುಗಳನ್ನು ಕೇಳಿಸಿದೆ. ಮಂಡ್ಯದಿಂದ ಬಂದಿದ್ದ ಅಪ್ಪ ಪೂರ್ತಿ ಕೇಳಿ, 'ಗಂಟ್ಲು ಗಟ್ಟಿ ಕಣವ್ವಾ ಇವ್ಳದು' ಅಂದರು. ಅಕ್ಕನ ಮಗಳು ಮೃದಂಗ ಕಲಿತವಳು. ಗಿಟಾರ್ ಓಟಕ್ಕೆ ತೊಡೆ ತಟ್ಟುತ್ತಾ 'ತಾ ತಕ ತಾ ತಕ' ಎಂದು ಬಾಯಲ್ಲೇ ಹಿಡಿದುಬಿಟ್ಟಳು. ಸರಿಯಾಗಿಯೇ ಇತ್ತು: ಒಂದು ಉದ್ದ, ಎರಡು ಗಿಡ್ಡ.

ಅವಳು ಡ್ರಮ್ಸನ್ನೂ ನುಡಿಸುತ್ತಾಳೆ. ಒಂದು ಕಾಲೇಜು ಹಬ್ಬದಲ್ಲಿ, 'ನೀನು ಹಾಡಮ್ಮ, ಡ್ರಮ್ಸ್ ಹುಡುಗರು ನೋಡ್ಕೋತಾರೆ' ಅಂದರಂತೆ. ಕೇಳಿ ಸಂಕಟವಾಯಿತು. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಘಟಂ ಹಿಡಿದು ದಶಕಗಳೇ ಕಳೆದವು. ಹೆಂಗಸರ ಡೊಳ್ಳಿನ ತಂಡಗಳಿವೆ. ಇನ್ನೂ ಈ ಮಾತು ಬೇಕಾ?

ಅದೂ ಮೈಸೂರಿನಲ್ಲಿ! ರಿಚರ್ಡ್ ಸ್ಟ್ರಾಸ್ ಎಂಬ ಜರ್ಮನ್ ಸಂಗೀತಗಾರ ಯುದ್ಧ ಮುಗಿದ ವರ್ಷ, 1945ರಲ್ಲಿ, ಈ ಬಾಡೆನ್‌ಗೇ ಬಂದು ಉಳಿದಿದ್ದರು. ಅವರ ಕೊನೆಯ ನಾಲ್ಕು ಹಾಡುಗಳನ್ನು ಮೊದಲ ಬಾರಿಗೆ ಹಾಡಿದ್ದು 1950ರ ಮೇ 22ರಂದು, ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ದೊಡ್ಡ ವಾದ್ಯವೃಂದದ ಎದುರು ನಿಂತು ಹಾಡಿದವರು ನಾರ್ವೆಯ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ಹಣದ ಖಾತ್ರಿ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಅಷ್ಟು ದೂರದ ಹೆಣ್ಣು ದನಿಗೆ ಕಿವಿ ಕೊಟ್ಟ ಊರು ತನ್ನ ಹುಡುಗಿಯರಿಗೂ ಕಿವಿ ಕೊಡಬೇಕು ಅಲ್ವಾ? ಯುವ ದಸರಾ ವೇದಿಕೆಯಲ್ಲಿ ಹುಡುಗಿಯರೇ ಕಟ್ಟಿದ ಮೆಟಲ್ ತಂಡವೊಂದನ್ನು ನೋಡುವ ಆಸೆ ನನಗಿದೆ.

ಅಕ್ಕನ ಮಗಳು ಸುಮ್ನೆ ಕೂತಿಲ್ಲ. ಸರಸ್ವತಿಪುರಂನ ಇಬ್ಬರು ಗೆಳತಿಯರು ಗಿಟಾರ್ ಹಿಡಿದಿದ್ದಾರೆ. ಜೋಡಿ ಗಿಟಾರ್ ಇನ್ನೂ ಕೂಡುತ್ತಿಲ್ಲ, ಒಬ್ಬಳು ಮುಂದೆ ಓಡುತ್ತಾಳಂತೆ. ಹಾಡುವವಳು ಸಿಕ್ಕಿದ್ದಾಳೆ. ಬಾಸ್, ಅಂದರೆ ಕೆಳಗಿನ ಸ್ವರದ ಗಿಟಾರ್, ನುಡಿಸುವವಳು ಮಾತ್ರ ಸಿಕ್ಕಿಲ್ಲ. ಮೈಸೂರು, ಮಂಡ್ಯ ಕಡೆ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.