ನಮ್ಮ ಕ್ರಾಫ್ಟ್ ಯಾಡಿ

ನಮಗೆ ಲಂಬಾಣಿ ಕಸೂತಿ ಹೇಳಿಕೊಟ್ಟ ಯಾಡಿ ತೀರಿಕೊಂಡರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಶಾಲೆಯಲ್ಲಿ ಕಲಿತ ಬೀಜಗಣಿತ ನನಗೀಗ ಒಂದು ಸಾಲೂ ನೆನಪಿಲ್ಲ. ಯಾಡಿಯ ಸದ್ದು ಮಾತ್ರ ಚೆನ್ನಾಗಿ ನೆನಪಿದೆ. ಕೆನ್ನೆಯ ಪಕ್ಕ ಕೂದಲಿಗೆ ಕಟ್ಟಿದ ಬೆಳ್ಳಿ ಘುಗ್ರಿ, ಕಾಲಿಗೆ ಕಡಗ, ರವಿಕೆ ತುಂಬ ಹಳೇ ನಾಣ್ಯ. ಅವರು ಗೇಟು ದಾಟುತ್ತಿದ್ದಂತೆ ಒಂಬತ್ತನೇ ಕ್ಲಾಸು ಪುಸ್ತಕ ಮುಚ್ಚುತ್ತಿತ್ತು.

ಸಂಡೂರು ಕಡೆಯ ತಾಂಡಾದಿಂದ ಅವರನ್ನು ಕರೆಸಿದ್ದು ಹೆಡ್‌ಮಾಸ್ಟರು. ತಾಂಡಾದ ಮಕ್ಕಳು ಅಮ್ಮನನ್ನು ಕರೆಯುವ ಹಾಗೆ ನಾವೂ ಯಾಡಿ ಅಂತಲೇ ಕರೆದೆವು. ಕವಡೆ, ಮಣಿ, ಕನ್ನಡಿ ಚೂರು ಅವರ ಬುಟ್ಟಿಯಲ್ಲಿ. ನಾಣ್ಯಕ್ಕೆ ಬೆಸುಗೆ ಹಾಕಿದ ಪುಟ್ಟ ಕೊಂಡಿ ಇರುತ್ತಿತ್ತು, ಅದರಲ್ಲಿ ದಾರ ಹಾಯಿಸಿ ಬಟ್ಟೆಗೆ ಹೊಲಿಯಬೇಕು. ಕನ್ನಡಿಗೆ ತೂತೇ ಇಲ್ಲ! ಮೊದಲು ಮೇಲೆ ಅಡ್ಡ ಉದ್ದ ದಾರ ಎಳೆದು ಹಿಡಿಸಬೇಕು, ಆಮೇಲೆ ಸುತ್ತಲೂ ಹೊಲಿಗೆ. ಅಂಟು ಹಾಕೋಣ ಅಂದವನಿಗೆ ಯಾಡಿ ಬೆನ್ನಿಗೊಂದು ಗುದ್ದು ಕೊಟ್ಟಿದ್ದರು.

ಹೊಲಿಗೆ ಹುಡುಗಿಯರ ಕೆಲಸ ಅಂತ ನಾವು ಹುಡುಗರು ಸುಮ್ನೆ ಕಾಲ ಕಳೆದೆವು. ಅಷ್ಟರಲ್ಲಿ ಇನ್‌ಸ್ಪೆಕ್ಷನ್ ಬಂತು. ಮುಗಿದದ್ದು ಒಂದೇ ತುಂಡು. ಸಾಹೇಬರು ಒಂದೊಂದೇ ಬೆಂಚು ದಾಟಿದಂತೆ ಅದೇ ತುಂಡು ಬೆಂಚಿನ ಕೆಳಗೆ ಮುಂದಕ್ಕೆ ಹೋಯಿತು. ಐಡಿಯಾ ನನ್ನದು ಅಂತ ಈಗಲೂ ಹೇಳಿಕೊಳ್ಳುತ್ತೇನೆ. ಸಾಹೇಬರಿಗೆ ಭಾರೀ ಖುಷಿ. ಮೂಲೆಯಲ್ಲಿ ಕೂತಿದ್ದ ಯಾಡಿ ತಲೆಯೆತ್ತದೆ ಅಂದರು: "ಈ ಹುಡುಗ್ರೆಲ್ಲ ಒಂದೇ ಕೈಲಿ ಹೊಲಿತಾರ್ರೀ ಸಾಹೇಬ್ರೆ." ಅದನ್ನೂ ಹೊಗಳಿಕೆ ಅಂದುಕೊಂಡರು ಪುಣ್ಯಾತ್ಮ!

ಈಗಿನ ಮಕ್ಕಳ ಕ್ರಾಫ್ಟ್ ಅಂದರೆ ಅಂಗಡಿಯ ಥರ್ಮಾಕೋಲ್, ಅಪ್ಪ ಕತ್ತರಿಸಿ ಅಂಟಿಸಿದ್ದು. ಸೂಜಿ ಚುಚ್ಚಿದ ಬೆರಳು ಒಂದೂ ಕಾಣುವುದಿಲ್ಲ, ಮಾರ್ಕ್ಸು ಮಾತ್ರ ಜಾಸ್ತಿ.

ಸಂಡೂರು ಲಂಬಾಣಿ ಕಸೂತಿಗೆ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈಯಲ್ಲಿ ಜಿ20 ಸಭೆ ಹೊತ್ತಿಗೆ ಹಂಪಿಯಲ್ಲಿ 1,755 ಲಂಬಾಣಿ ಕಸೂತಿಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಜವಳಿ ಕಂಪನಿಯಲ್ಲಿ ನನ್ನ ಕೈಕೆಳಗಿನ ಡಿಸೈನರ್‌ಗಳಿಗೆ ಆ ಫೋಟೋ ತೋರಿಸಿ, ಈ ಹೊಲಿಗೆ ನನಗೆ ಬರುತ್ತೆ ಅಂದೆ. ನಂಬಲಿಲ್ಲ. ಹೊಲಿದೇ ತೋರಿಸಿದೆ, ಕನ್ನಡಿ ಕೊಂಚ ವಾಲಿತು ಅನ್ನಿ.

ಹೆಡ್‌ಮಾಸ್ಟರರೇ, ಯಾಡಿಯ ಸೊಸೆಯೂ ಹೊಲಿಯುತ್ತಾರಂತೆ. ವಾರಕ್ಕೊಂದು ಪೀರಿಯಡ್ ಅವರಿಗೆ ಕೊಡಿ. ಸಂಬಳ ನಮ್ಮ ಬ್ಯಾಚಿನದು. ಮೊದಲ ಕಂತು ನಾನೇ ಹಾಕಿದ್ದೇನೆ, ಹೆಸರು ಹಾಕಬೇಕಾಗಿಲ್ಲ. ಹಾಕಿದರೆ ಇನಿಶಿಯಲ್ ಸರಿಯಾಗಿರಲಿ.