ಮೇಳಕ್ಕೆ ಕತ್ತರಿ ಹಾಕುವ ಮುನ್ನ

ದಾವಣಗೆರೆಯಲ್ಲಾಗಲಿ ದುರ್ಗದಲ್ಲಾಗಲಿ, ಕಾಲೇಜು ತಂಡವೊಂದು ಸೊಫೋಕ್ಲಿಸನ ಗ್ರೀಕ್ ನಾಟಕ ಈಡಿಪಸ್ ಆಡಲು ಹೊರಟರೆ ಮೊದಲ ಕತ್ತರಿ ಬೀಳುವುದು ಮೇಳದ, ಅಂದರೆ ಕೋರಸ್ಸಿನ, ಹಾಡುಗಳಿಗೆ. ಸ್ಪರ್ಧೆಯ ಸಮಯಕ್ಕೆ ನಾಟಕ ಹಿಡಿಸಬೇಕು, ಕಥೆಯೆಲ್ಲ ಮಾತಿನಲ್ಲಿದೆ, ಹಾಡು ನಡುವಿನ ಅಲಂಕಾರ ಎಂಬ ಲೆಕ್ಕ. ಈ ಲೆಕ್ಕ ತಲೆಕೆಳಗಾದದ್ದು. ಹಾಡು ಮೊದಲಿತ್ತು, ಮಾತು ಆಮೇಲೆ ಬಂದು ಸೇರಿಕೊಂಡಿತು.

ಡಯೋನಿಸಸ್ ದೇವರಿಗಾಗಿ ಹಾಡಿ ಕುಣಿಯುತ್ತಿದ್ದ ಡಿಥಿರ್ಯಾಂಬ್ ಗುಂಪುಗಳ ಮುಂದಾಳುಗಳಿಂದ ಟ್ರಾಜಿಡಿ, ಅಂದರೆ ದುರಂತ ನಾಟಕ, ಹುಟ್ಟಿತು ಎನ್ನುತ್ತಾನೆ ಅರಿಸ್ಟಾಟಲ್. ಗುಂಪಿನಿಂದ ಹೊರಗೆ ಬಂದು ಪಾತ್ರವಾಗಿ ಮಾತಾಡಿದ ಮೊದಲಿಗ ಥೆಸ್ಪಿಸ್ ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ, ಕಾಲ ಕ್ರಿ.ಪೂ. 534ರ ಸುಮಾರು. ಎರಡನೆಯ ನಟನನ್ನು ನಾಟಕಕಾರ ಈಸ್ಕಿಲಸ್ ತಂದ, ಮೂರನೆಯವನನ್ನು ಸೊಫೋಕ್ಲಿಸ್. ಅಲ್ಲಿಗೆ ನಿಂತಿತು. ಮಾತಾಡುವ ನಟರು ಮೂವರೇ, ಎಲ್ಲರೂ ಗಂಡಸರು. ಮೇಳದವರು ಮೊದಲು 12, ಸೊಫೋಕ್ಲಿಸನ ಕಾಲದಿಂದ 15.

ಮೂವರಲ್ಲಿ ಇಡೀ ನಾಟಕ ಹೇಗೆ ನಡೆಯುತ್ತದೆ ಎಂದು ಕಾಗದದ ಮೇಲೆ ಹಾಕಿ ನೋಡಿ, ಹಾಡಿನ ಬೆಲೆ ತಿಳಿಯುತ್ತದೆ. ಈಡಿಪಸ್ಸಿನ ಪಾತ್ರಧಾರಿ ಹೆಚ್ಚುಕಡಿಮೆ ರಂಗ ಬಿಡುವುದೇ ಇಲ್ಲ. ರಾಣಿ ಯೊಕಾಸ್ತೆ ಮತ್ತು ಅವಳ ಸೋದರ ಕ್ರಿಯಾನ್ ಅವನೆದುರು ಒಟ್ಟಿಗೆ ಇರುವುದರಿಂದ ಅವರಿಗೆ ಇಬ್ಬರು ಬೇಕು. ಕ್ರಿಯಾನ್ ಮಾಡಿದವನೇ ಮುಂದೆ ಕೊರಿಂಥದ ದೂತನಾಗುತ್ತಾನೆ. ಕೊನೆಯ ವಿಚಾರಣೆಯಲ್ಲಿ ಈಡಿಪಸ್, ದೂತ, ಮುದಿ ಕುರುಬ ಮೂವರೂ ಎದುರುಬದುರು. ಅಂದಮೇಲೆ ಕುರುಬನಾಗಬೇಕಾದವನು ಆಗಷ್ಟೇ ಅರಮನೆಯ ಬಾಗಿಲಿನಿಂದ ಒಳಗೆ ಓಡಿದ ಯೊಕಾಸ್ತೆಯೇ! ಮುಖವಾಡ, ಉಡುಪು ಬದಲಿಸಿ, ಹಿಂದಿನಿಂದ ಸುತ್ತಿ ಬಂದು ಹೊಲದ ಕಡೆಯ ಪಕ್ಕದ ದಾರಿಯಲ್ಲಿ ಕಾಣಿಸಿಕೊಳ್ಳಬೇಕು. ಅವನಿಗೆ ಆ ಹೊತ್ತನ್ನು ಕೊಡುವುದು ಮೇಳದ 24 ಸಾಲಿನ ಹಾಡು.

ನಮಗೆ ನಟರ ಕೊರತೆಯಿಲ್ಲ, ಕುರುಬನಿಗೆ ಬೇರೆ ಹುಡುಗನಿದ್ದಾನೆ ಎನ್ನಬಹುದು. ಆಗಲೂ ಆ ಹಾಡು ಬೇಕು. ಗಂಡನಾಗಿರುವ ಈಡಿಪಸ್ ತಾನೇ ಹೆತ್ತ ಮಗ ಎಂಬ ನಿಜ ಯೊಕಾಸ್ತೆಗೆ ಗೊತ್ತಾಗಿಹೋಗಿದೆ, ನೋಡುವವರಿಗೂ ಗೊತ್ತು. ಮೇಳ ಮಾತ್ರ ನಮ್ಮ ದೊರೆ ಯಾವ ದೇವರ ಮಗನೋ, ಪಾನನದೋ ಅಪೊಲೊನದೋ ಎಂದು ಸಂಭ್ರಮಪಡುತ್ತಿದೆ. ಅದನ್ನು ಕಿತ್ತರೆ ಕುರುಬನ ವಿಚಾರಣೆ ಬರೀ ಪೊಲೀಸ್ ತನಿಖೆಯಂತೆ ಓಡಿಬಿಡುತ್ತದೆ.

ಅಥೆನ್ಸಿನವರು ಹಣ ಸುರಿದದ್ದೂ ಮೇಳಕ್ಕೇ. ನಟರ ಸಂಬಳ ನಗರದ್ದು, ಮೇಳದ ತಾಲೀಮು ಮತ್ತು ಉಡುಪಿನ ವೆಚ್ಚ ಒಬ್ಬ ಧನಿಕನ ತಲೆಗೆ. ಐದನೆಯ ಶತಮಾನದ ಕೊನೆಯ ಭಾಗದಲ್ಲಿ ಅಂಥವನೊಬ್ಬ ಒಂದು ಟ್ರಾಜಿಡಿ ಮೇಳಕ್ಕೆ 3000 ದ್ರಾಕ್ಮ ಖರ್ಚಾಯಿತು ಎಂದು ನ್ಯಾಯಾಲಯದಲ್ಲಿ ಲೆಕ್ಕ ಕೊಟ್ಟಿದ್ದಾನೆ. ಕುಶಲ ಕೆಲಸಗಾರನ ದಿನಗೂಲಿ ಆಗ ಒಂದು ದ್ರಾಕ್ಮ.

ನಮ್ಮ ಕಡೆಯವರು ಇನ್ನೊಂದು ಕಡೆ ಎಡವುತ್ತಾರೆ. ಮೂಡಲಪಾಯ ನೋಡಿ ಬೆಳೆದ ಕಣ್ಣಿಗೆ ಮೇಳವೆಂದರೆ ಭಾಗವತರ ಹಾಗೆ ಹಿಂದೆ ನಿಂತು ಹಾಡುವವರು. ಗ್ರೀಕ್ ಮೇಳ ನಿಲ್ಲುವುದು ಮುಂದೆ, ಪಾತ್ರಧಾರಿಗೂ ಪ್ರೇಕ್ಷಕರಿಗೂ ನಡುವಿನ ಕಣದಲ್ಲಿ, ಮತ್ತು ಅದೂ ಒಂದು ಪಾತ್ರ. ಈಡಿಪಸ್ಸಿನಲ್ಲಿ ಅವರು ಥೀಬ್ಸಿನ ಹಿರಿಯರು. ಊರಿಗೆ ಮಾರಿ ಹೊಕ್ಕಿದೆ, ಸಾಯುತ್ತಿರುವವರು ಅವರ ಜನ. ಹಾಡುಗಾರರ ಸಮವಸ್ತ್ರ ತೊಡಿಸಿ ಮೈಕಿನ ಮುಂದೆ ಸಾಲಾಗಿ ನಿಲ್ಲಿಸಿದರೆ ಕೆಟ್ಟಿತು. ವಾದ್ಯ ಒಂದೇ ಇತ್ತು: ಔಲೋಸ್, ನಾಲಿಗೆಯಿರುವ ಜೋಡಿ ಕೊಳವೆ. ಮುಖವೀಣೆ ನುಡಿಸುವವರು ಸಿಕ್ಕರೆ ಹಾರ್ಮೋನಿಯಂ ಬಿಡಿ.

15 ಜನ ಐದೈದರ ಮೂರು ಸಾಲಾಗಿ ಪಕ್ಕದ ದಾರಿಯಿಂದ ಬರುತ್ತಿದ್ದರು. ಪ್ರೇಕ್ಷಕರಿಗೆ ಹತ್ತಿರವಾದ ಎಡಸಾಲಿಗೆ ಚೆನ್ನಾಗಿ ಕುಣಿಯುವವರು, ನಡುವೆ ಕೊಂಚ ಸಾಧಾರಣದವರು. ಗ್ರೀಸಿನ ಎಪಿಡೌರಸ್ಸಿನಲ್ಲಿರುವ ಹಳೆಯ ರಂಗಮಂದಿರದ ಕಣದ ವ್ಯಾಸ ಸುಮಾರು 20 ಮೀಟರ್. ಎತ್ತರದ ಮೆಟ್ಟಿಲುಗಳಿಂದ ನೋಡುವವರಿಗೆ ಸಾಲುಗಳ ವಿನ್ಯಾಸ ಬಿಡಿಬಿಡಿಯಾಗಿ ಕಾಣುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಗ್ರೀಕ್ ಮಾದರಿಯ ಬಯಲು ರಂಗಮಂದಿರದಂಥ ಜಾಗ ಸಿಕ್ಕರೆ ಕಣದ ಚಿಂತೆಯಿಲ್ಲ. ಊರಿನ ಮಾಮೂಲಿ ಸಭಾಂಗಣವಾದರೆ ಮುಂದಿನ ಮೂರ್ನಾಲ್ಕು ಸಾಲು ಕುರ್ಚಿ ತೆಗೆಸಿ ಮೇಳವನ್ನು ಕೆಳಗಿಳಿಸಿ. ಮುಖ್ಯ ಅತಿಥಿಗಳು ಹಿಂದೆ ಕೂತರೆ ನಷ್ಟವೇನಿಲ್ಲ.

ಮುಖವಾಡ ತಲೆಯನ್ನೇ ಮುಚ್ಚುತ್ತಿತ್ತು, ಕೂದಲೂ ಅದರದ್ದೇ. ಗಟ್ಟಿ ಮಾಡಿದ ಬಟ್ಟೆಯವಾದ್ದರಿಂದ ಒಂದೂ ಉಳಿದಿಲ್ಲ. ಮಣ್ಣಿನ ಅಚ್ಚಿನ ಮೇಲೆ ಹಳೆಯ ಹತ್ತಿಬಟ್ಟೆಯ ಐದಾರು ಪದರವನ್ನು ಮೈದಾ ಗಂಜಿಯಲ್ಲಿ ಅಂಟಿಸಿ, ಒಂದೊಂದು ಪದರ ಒಣಗಿದ ಮೇಲೆ ಇನ್ನೊಂದು ಹಾಕಿದರೆ ಹಗುರವಾದದ್ದು ಸಿಗುತ್ತದೆ. ಬಾಯಿ ಕಿರಿದಾದರೆ ಮಾತು ಒಳಗೇ ಉಳಿಯುತ್ತದೆ. ಕಣ್ಣಿನ ತೂತಿನಿಂದ ಕಾಲಡಿ ಕಾಣುವುದಿಲ್ಲ, ಹಾಗಾಗಿ ಮೊದಲ ವಾರದಿಂದಲೇ ಮುಖವಾಡ ಹಾಕಿಸಿ ಮೆಟ್ಟಿಲು ಹತ್ತಿಸಿ. ಪಕ್ಕಕ್ಕೆ ತಿರುಗಿ ಮಾತಾಡಿದರೆ ಮುಖವೂ ಹೋಯಿತು, ದನಿಯೂ ಹೋಯಿತು.

ಸಾವು ಸಾಮಾನ್ಯವಾಗಿ ಒಳಗೆ ನಡೆಯುತ್ತದೆ, ಹೆಣ ಚಕ್ರದ ಹಲಗೆಯ ಮೇಲೆ ಬಾಗಿಲಿನಿಂದ ಹೊರಗೆ ಬರುತ್ತದೆ. ಬಾಗಿಲಿಗೆ ಹೊಸ್ತಿಲು ಬೇಡ, ಹಲಗೆಗಿಂತ ಎರಡೂ ಬದಿ ಒಂದು ಗೇಣು ಅಗಲವಿರಲಿ, ಚಕ್ರಕ್ಕೆ ಬ್ರೇಕ್ ಇರಲಿ. ದೇವತೆಗಳನ್ನು ಎತ್ತುವ ಕ್ರೇನ್ ಆಗಲೇ ನಗೆಪಾಟಲಾಗಿತ್ತು. ಹಾಸ್ಯ ನಾಟಕಕಾರ ಅರಿಸ್ಟೋಫನೀಸನ ನಾಯಕನೊಬ್ಬ ಸಗಣಿಹುಳದ ಮೇಲೆ ಮೇಲೇರುತ್ತ, ಹುಷಾರಾಗಿ ಎತ್ತಪ್ಪ ಎಂದು ಕ್ರೇನಿನವನನ್ನೇ ಬೇಡಿಕೊಳ್ಳುತ್ತಾನೆ. ಗಂಡ ಜೇಸನ್ ಮೇಲಿನ ಸೇಡಿಗೆ ಮಕ್ಕಳನ್ನು ಕೊಂದ ಮಿಡಿಯಾ ಕೊನೆಗೆ ಮೇಲೆ ಕಾಣಿಸಿಕೊಳ್ಳುತ್ತಾಳೆ; ಯೂರಿಪಿಡೀಸನ ಆ ಕ್ರಿ.ಪೂ. 431ರ ನಾಟಕ ಆಡುವವರು ಲೈಟಿನ ಪೈಪಿಗೆ ಹಗ್ಗ ಕಟ್ಟುವ ಸಾಹಸಕ್ಕೆ ಹೋಗದೆ, ಅವಳನ್ನು ಮನೆಯ ಮಾಳಿಗೆಯ ಮೇಲೆ ನಿಲ್ಲಿಸಿದರೆ ಸಾಕು. ಮಕ್ಕಳ ಹೆಣ ಅವಳ ಬಳಿ ಇರಬೇಕು, ಕೆಳಗೆ ನಿಂತ ಜೇಸನ್ ಕೈಚಾಚಿದರೂ ಎಟುಕಬಾರದು.