ಯಾರ್ಕಿನಲ್ಲೊಂದು ಅರಿಶಿನದ ಎಂಜಿನ್ನು

ಇಂಗ್ಲೆಂಡಿನ ಯಾರ್ಕ್ ಸ್ಟೇಷನ್ನಿನಿಂದ ನ್ಯಾಷನಲ್ ರೈಲ್ವೆ ಮ್ಯೂಸಿಯಂ ನಡೆದು ಹೋಗುವಷ್ಟೇ ದೂರ. ಪ್ರವೇಶ ಪುಕ್ಕಟೆ. ಲೀಡ್ಸಿನಲ್ಲಿರುವ ಮಗಳು ಇದಕ್ಕೆ ಒಂದು ಗಂಟೆ ಸಾಕು ಅಂದುಕೊಂಡಿದ್ದಳು. ಊಟದ ಹೊತ್ತು ಮೀರಿದರೂ ನಾನು ಅಲ್ಲಿಂದ ಕದಲಲಿಲ್ಲ, ಪಾಪ.

ಕಾರಣ ಗ್ಲ್ಯಾಡ್‌ಸ್ಟನ್. 1882ರಲ್ಲಿ ಬ್ರೈಟನ್ ವರ್ಕ್‌ಶಾಪಿನಲ್ಲಿ ತಯಾರಾದ ಎಂಜಿನ್ನು, ನಂಬರು 214. 1927ರಲ್ಲಿ ರೈಲಿನ ಹುಚ್ಚು ಹಿಡಿದವರ ಸಂಘವೊಂದು ಕೊಂಡು ಉಳಿಸಿಕೊಂಡದ್ದು. ಅದರ ಮೈಬಣ್ಣದ ಹೆಸರು ‘ಇಂಪ್ರೂವ್ಡ್ ಎಂಜಿನ್ ಗ್ರೀನ್’. ಅಂದರೆ ಸುಧಾರಿಸಿದ ಹಸಿರು.

“ಅಪ್ಪ, ಹಸಿರೆಲ್ಲಿದೆ?” ಅಂದಳು ಮಗಳು.

ಅಂಚಿನಲ್ಲೇನೋ ಆಲಿವ್ ಹಸಿರಿನ ಪಟ್ಟಿ ಇದೆ, ಅದರ ಒಳಗೆ ಕಪ್ಪು, ಕೆಂಪು, ಬಿಳಿ ಗೆರೆಗಳು. ಆದರೆ ಎಂಜಿನ್ನಿನ ಮೈಯೆಲ್ಲ ಅರಿಶಿನದ ಕೊಂಬು ಮುರಿದಾಗ ಒಳಗೆ ಕಾಣುತ್ತದಲ್ಲ, ಥೇಟ್ ಆ ಬಣ್ಣ. ಈ ಬಣ್ಣವನ್ನು ತಂದ ಮುಖ್ಯ ಎಂಜಿನಿಯರ್ ವಿಲಿಯಂ ಸ್ಟ್ರೌಡ್ಲಿಗೆ ಬಣ್ಣಗುರುಡು ಇತ್ತು ಅಂತ ಒಂದು ಕಥೆ ಇದೆ. ಕಥೆ ಚೆನ್ನಾಗಿದೆ, ನಾನಂತೂ ನಂಬುವುದಿಲ್ಲ. ಎಂಜಿನ್ನು ನಡೆಸುವ ಡ್ರೈವರ್‌ನ ಹೆಸರನ್ನು ಅದರ ಕ್ಯಾಬಿನೊಳಗೆ ಬರೆಸುತ್ತಿದ್ದ ಮನುಷ್ಯ ಆತ. ಬಣ್ಣದ ಬೆಲೆ ಗೊತ್ತಿಲ್ಲದವನು ಆ ಕೆಲಸ ಮಾಡಿಸುತ್ತಾನೆಯೇ?

ಆದರೆ ಯೋಚನೆ ಹತ್ತಿತು. ಇಂಥದ್ದಕ್ಕೆ ಇವತ್ತು ಮತ್ತೆ ಬಣ್ಣ ಬಳಿಯಬೇಕಾದವನು ಏನನ್ನು ನಂಬಬೇಕು? ಹಳೇ ದಾಖಲೆಯಲ್ಲಿ ‘ಹಸಿರು’ ಅಂತಿರುತ್ತದೆ. ಫೋಟೋ ನೋಡೋಣವೆಂದರೆ ಆ ಕಾಲದ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿ, ನೀಲಿ ತೀರಾ ತೆಳುವಾಗಿ ಮೂಡುತ್ತಿತ್ತು. ಸಾಲದ್ದಕ್ಕೆ, ಹೊಸ ಎಂಜಿನ್ನಿನ ಗೆರೆಗಳು ಫೋಟೋದಲ್ಲಿ ಸ್ಪಷ್ಟವಾಗಿ ಬರಲಿ ಅಂತ ಕಂಪನಿಯವರು ಬೂದು ಬಣ್ಣ ಬಳಿದು ಫೋಟೋ ತೆಗೆಸಿ, ಆಮೇಲೆ ನಿಜವಾದ ಬಣ್ಣ ಹಚ್ಚುವುದೂ ಇತ್ತು. ಉಳಿಯುವ ದಾರಿ ಒಂದು: ನಟ್ಟು ಬೋಲ್ಟಿನ ಸಂದಿಯಲ್ಲೋ ನಂಬರ್ ಫಲಕದ ಹಿಂದೆಯೋ ಉಳಿದ ಹಳೇ ಬಣ್ಣವನ್ನು ನಯವಾದ ಉಪ್ಪುಕಾಗದದಿಂದ ಉಜ್ಜುವುದು. ಮರದ ಕಾಂಡ ಕೊಯ್ದರೆ ಕಾಣುವಂತೆ ಸುತ್ತು ಸುತ್ತಾಗಿ ಒಂದೊಂದೇ ಪದರ ಬಿಚ್ಚಿಕೊಳ್ಳುತ್ತದೆ. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಮೇಲಿನ ವಾರ್ನಿಷ್ ವರ್ಷ ಕಳೆದಂತೆ ಹಳದಿಗೆ ತಿರುಗಿ ಕೆಳಗಿನ ಬಣ್ಣವನ್ನೇ ಸುಳ್ಳಾಗಿಸಿರುತ್ತದೆ.

ಸ್ವಲ್ಪ ಆಚೆ ಡಚೆಸ್ ಆಫ್ ಹ್ಯಾಮಿಲ್ಟನ್ ಎಂಬ ಎಂಜಿನ್ನು. 1938ರದು. ಕಡುಗೆಂಪು ಮೈ, ಮೂತಿಯಿಂದ ಹಿಂದಕ್ಕೆ ಓಡುವ ಬಂಗಾರದ ಪಟ್ಟಿಗಳು. ಹುಟ್ಟಿದ್ದು ಹೀಗೇ, ಗಾಳಿ ಸೀಳುವ ದುಂಡನೆಯ ತಗಡಿನ ಹೊದಿಕೆಯೊಂದಿಗೆ. ಯುದ್ಧ ಮುಗಿದ ಮೇಲೆ ಆ ಹೊದಿಕೆಯನ್ನು ಕಿತ್ತುಹಾಕಿದ್ದರು. ಮ್ಯೂಸಿಯಂನವರಿಗೆ ಬೇಕಾಗಿದ್ದದ್ದು 1938ರ ರೂಪ. ಹಾಗಾಗಿ ಬಣ್ಣವಷ್ಟೇ ಬಳಿದು ಸುಮ್ಮನಾಗಲಿಲ್ಲ, 2009ರಲ್ಲಿ ಹೊದಿಕೆಯನ್ನೇ ಹೊಸದಾಗಿ ಮಾಡಿಸಿ ತೊಡಿಸಿದರು. ಬಾಗಿದ ತಗಡಿನ ಮೇಲೆ ಆ ಪಟ್ಟಿಗಳು ಎಲ್ಲೂ ಸೊಟ್ಟಗಾಗದೆ ತಿರುಗುವುದನ್ನು ನೋಡುತ್ತ ನಾನು ಎರಡು ಸಲ ಸುತ್ತು ಹಾಕಿದೆ.

ಇದೇ ಮ್ಯೂಸಿಯಂನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ನಿನ ವಿಷಯದಲ್ಲಿ ಹಿಡಿದದ್ದು ಇದಕ್ಕೆ ಉಲ್ಟಾ ದಾರಿ. 1923ರಲ್ಲಿ ಡಾಂಕಾಸ್ಟರಿನಲ್ಲಿ ಹುಟ್ಟಿದಾಗ ಅದು ಎಳೇ ಸೇಬಿನ ಹಸಿರು. ಯುದ್ಧದಲ್ಲಿ ಕಪ್ಪು, ರಾಷ್ಟ್ರೀಕರಣದ ನಂತರ ಕೆಲಕಾಲ ನೀಲಿ, ಕೊನೆಗೆ ಕಡುಹಸಿರು. ಜನರ ಮನಸ್ಸಿನಲ್ಲಿ ಉಳಿದದ್ದು ಆ ಸೇಬಿನ ಹಸಿರೇ. ಆದರೆ 1959ರಲ್ಲಿ ಅದಕ್ಕೆ ಜೋಡಿ ಹೊಗೆಕೊಳವೆ ಬಂತು. ಅದರ ಹೊಗೆ ಮೇಲಕ್ಕೆ ಚಿಮ್ಮದೆ ಡ್ರೈವರ್‌ನ ಕಣ್ಣಿಗೆ ಅಡ್ಡ ಬರುತ್ತದೆಂದು 1961ರಲ್ಲಿ ಮುಂದೆ ಎರಡೂ ಬದಿಗೆ ಆನೆಕಿವಿಯಂಥ ತಗಡುಗಳು ಬಂದವು. 42 ಲಕ್ಷ ಪೌಂಡ್ ಖರ್ಚಿನ ದುರಸ್ತಿ ಮುಗಿದು 2016ರಲ್ಲಿ ಅದು ಮತ್ತೆ ಹಳಿಗೆ ಬಂದಾಗ ಕೊಳವೆಯೂ ಇತ್ತು, ಕಿವಿಗಳೂ ಇದ್ದವು. ಆದ್ದರಿಂದ ಬಣ್ಣ ಕಡುಹಸಿರು, ನಂಬರೂ ಆ ಕಾಲದ್ದೇ, 60103. ಸೇಬಿನ ಹಸಿರು ಬೇಕೆಂದವರು ಮುನಿಸಿಕೊಂಡಿದ್ದರೂ ನನ್ನ ಓಟು ಕಡುಹಸಿರಿಗೇ. ಕಿವಿ ಬಂದ ಕಾಲಕ್ಕೆ ರೈಲ್ವೆಯ ಕೆಲಸದಲ್ಲಿ ಅದು ತೊಟ್ಟಿದ್ದ ಬಣ್ಣ ಅದು. ಕಚ್ಚೆಪಂಚೆ ಉಟ್ಟು ಟೈ ಕಟ್ಟಿದರೆ ಹೇಗಿರುತ್ತದೆ ಹೇಳಿ.

ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಕೂತು ಮಗಳಿಗೆ ಊರ ಕಡೆಯ ಒಂದು ಸ್ಟೇಷನ್ನಿನ ಕಥೆ ಹೇಳಿದೆ. ಅದರ ಮುಂದೆ ಮೀಟರ್ ಗೇಜಿನ ಹಳೇ ಎಂಜಿನ್ನೊಂದನ್ನು ನಿಲ್ಲಿಸಿದ್ದಾರೆ. ಬಾಯ್ಲರಿಗೆ ಆಕಾಶನೀಲಿ, ಚಕ್ರಕ್ಕೆ ಹಳದಿ. ಎಣ್ಣೆ ಮೆತ್ತಿಕೊಂಡು ಬೆಳ್ಳಗೆ ಹೊಳೆಯಬೇಕಾದ ಉಕ್ಕಿನ ತೋಳುಗಳಿಗೂ ಬೆಳ್ಳಿ ಪೇಂಟು. ಚಿಕ್ಕವನಿದ್ದಾಗ ಅರಸೀಕೆರೆಯಲ್ಲಿ ನಾನು ಕಂಡವೆಲ್ಲ ಕಪ್ಪು. ಹೋದ ಸಲ ಊರಿಗೆ ಹೋಗಿದ್ದಾಗ ಎದ್ದ ಚಕ್ಕೆಯೊಂದನ್ನು ಉಗುರಿನಲ್ಲಿ ಕೆರೆದೆ. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ತುಕ್ಕು.

“ಕಪ್ಪು ಬಳಿದರೆ ಅದರ ಮುಂದೆ ಯಾರು ಸೆಲ್ಫಿ ತಗೋತಾರೆ ಅಪ್ಪ?” ಅಂದಳು.

“ಬರೀ ಕಪ್ಪಲ್ಲ ಕಣೇ. ಕಪ್ಪು ಹಚ್ಚಿ, ಎಣ್ಣೆ ಬಟ್ಟೆಯಿಂದ ಒರೆಸಿ, ಸಂಜೆ ಬಿಸಿಲಿಗೆ ನೋಡಬೇಕು.”

“ಒರೆಸೋರು ಯಾರು?”

ಲೀಡ್ಸಿನ ಗಾಡಿ ಬಂತು, ಹತ್ತಿದೆವು.